ಬಾಣಂತಿಯ ತಟ್ಟೆಗೆ ಬೇಲಿ ಬಿದ್ದದ್ದು ಹೇಗೆ?

ಹಳೇ ಮೈಸೂರು ಸೀಮೆಯ ಒಕ್ಕಲು ಮನೆಗಳಲ್ಲಿ ಬಾಣಂತಿಯ ಊಟ ಊರಿಂದೂರಿಗೆ ಹೆಚ್ಚು ಬದಲಾಗುವುದಿಲ್ಲ. ಬಿಸಿ ಅನ್ನ, ತುಪ್ಪ, ಬೆಳ್ಳುಳ್ಳಿ ಜಜ್ಜಿ ಹಾಕಿದ ಮೆಣಸಿನ ಸಾರು. ಸೊಪ್ಪೆಂದರೆ ಎದೆಹಾಲು ಬರಲೆಂದು ಸಬ್ಬಸಿಗೆ, ಅಷ್ಟೆ. ಬದನೆ, ಕುಂಬಳ ನಂಜು. ಮಜ್ಜಿಗೆ, ಬಾಳೆಹಣ್ಣು ಶೀತ. ನೀರು ಕೇಳಿದರೆ ಅರ್ಧ ಲೋಟ ಬಿಸಿನೀರು, ಜೊತೆಗೊಂದು ಗದರಿಕೆ: "ನೀರು ಕುಡಿದ್ರೆ ಹೊಟ್ಟೆ ಬರುತ್ತೆ, ತಡ್ಕೊ ಮಗ." ಧಾರವಾಡದ ಕಡೆಯಾದರೆ ಅಂಟಿನುಂಡೆ, ಅಳವಿ ಪಾಯಸ ಸಿಗುತ್ತದೆ, ಅಲ್ಲಿಯ ಬಾಣಂತಿ ಅಷ್ಟರಮಟ್ಟಿಗೆ ಪುಣ್ಯವಂತೆ.

ಇದನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕುವವರು ಬಾಣಂತಿ ಸನ್ನಿಯನ್ನು ಕಂಡವರಲ್ಲ. ಮನೆಯ ಕತ್ತಲೆ ಮೂಲೆಯಲ್ಲಿ ಹೆರಿಗೆಯಾಗಿ, ಕುಡುಗೋಲಿನಲ್ಲಿ ಹೊಕ್ಕುಳಬಳ್ಳಿ ಕೊಯ್ಯುತ್ತಿದ್ದ ಕಾಲದಲ್ಲಿ, ಹೆತ್ತ ಕೆಲವೇ ದಿನಕ್ಕೆ ಜ್ವರ ನೆತ್ತಿಗೇರಿ ಬಡಬಡಿಸುತ್ತಾ ಹೆಂಗಸರು ಸಾಯುತ್ತಿದ್ದರು. ಕೈ ತೊಳೆದು ಹೆರಿಗೆ ಮಾಡಿಸಿದರೆ ಈ ಸಾವು ತಗ್ಗುತ್ತದೆಂದು ವಿಯೆನ್ನಾದ ಆಸ್ಪತ್ರೆಯಲ್ಲಿ ವೈದ್ಯ ಸೆಮ್ಮೆಲ್‌ವೈಸ್ ತೋರಿಸಿದ್ದು 1847ರಲ್ಲಿ. ನಮ್ಮ ಅಜ್ಜಿಯರಿಗೆ ಕಾಣುತ್ತಿದ್ದದ್ದು ರೋಗಾಣುವಲ್ಲ, ತಟ್ಟೆ. ಗಾಯ ನಂಜಾಗುವುದು ಗೊತ್ತಿತ್ತು, ಮೈ ತಣ್ಣಗಾಗುವುದು ಗೊತ್ತಿತ್ತು. ಕೈಯಲ್ಲಿದ್ದದ್ದು ಆಹಾರವೊಂದೇ, ಅದಕ್ಕೇ ಬೇಲಿ ಹಾಕಿದರು. ಕೆರೆಯ ನೀರನ್ನು ಕಾಯಿಸಿಯೇ ಕೊಡಬೇಕೆಂಬ ಕಟ್ಟುಪಾಡಿನಿಂದ ಒಂದಷ್ಟು ಜೀವ ಉಳಿದಿರಲೂಬಹುದು ಎಂಬುದು ನನ್ನ ಊಹೆ.

ಬಸುರಿಗೆ ಕಡಿಮೆ ಉಣ್ಣಿಸುವ ರೂಢಿಯೂ ಹೀಗೆಯೇ ಬೆಳೆದಿರಬೇಕು. ತುಂಬು ತಿಂಗಳಲ್ಲಿ ಅರ್ಧ ಮುದ್ದೆ ಸಾಕು, ಹೆಚ್ಚು ಉಂಡರೆ ಕೂಸು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎನ್ನುತ್ತಿದ್ದರು. ಆಪರೇಷನ್ನಿನ ಮಾತೇ ಇಲ್ಲದ ಊರಲ್ಲಿ ಅಡ್ಡ ಸಿಕ್ಕಿಕೊಂಡ ಕೂಸೆಂದರೆ ಎರಡು ಸಾವು. ನಾಟಿ ಹಾಕಿ ಬಂದು ಅರೆಹೊಟ್ಟೆ ಉಣ್ಣುವ ಬಸುರಿಗೆ ರಕ್ತ ಎಲ್ಲಿಂದ ಬರಬೇಕು ಎಂಬ ಲೆಕ್ಕ ಆ ಭಯದಲ್ಲಿ ಸೇರಲಿಲ್ಲ.

ಸರ್ಕಾರ ಈ ಅಡುಗೆಮನೆಗೆ ಬಂದದ್ದು ಕಬ್ಬಿಣದ ಮಾತ್ರೆಯ ರೂಪದಲ್ಲಿ. 1970ರಲ್ಲಿ ರಕ್ತಹೀನತೆ ತಡೆಯುವ ಕಾರ್ಯಕ್ರಮ ಶುರುವಾಯಿತು. 1975ರಲ್ಲಿ ದೇಶದ ಮೊದಲ 33 ಸಮಗ್ರ ಶಿಶು ಅಭಿವೃದ್ಧಿ ಯೋಜನೆಗಳಲ್ಲೊಂದು ನಮ್ಮ ತಿ. ನರಸೀಪುರಕ್ಕೆ ಬಂತು. ಹಳ್ಳಿ ಮಾತ್ರ ಆ ಕಬ್ಬಿಣದ ಮಾತ್ರೆಯನ್ನೂ ತನ್ನ ಹಳೆಯ ಲೆಕ್ಕಕ್ಕೇ ಸೇರಿಸಿಕೊಂಡಿತು: ಅದು ಬಸುರಿ ಮುಟ್ಟಬಾರದ ಪರಂಗಿಹಣ್ಣಿನ ಜಾತಿ, ಹೀಟು. ಮಲ ಕಪ್ಪಾದದ್ದು ಕಂಡ ಮೇಲಂತೂ ಕೂಸೂ ಕಪ್ಪಾಗುತ್ತದೆ ಎಂಬ ಅನುಮಾನ ಅಂಟಿಕೊಂಡಿತು. 180 ದಿನ ನುಂಗಬೇಕಾದ ಮಾತ್ರೆ ಗೂಡಿನಲ್ಲೇ ಉಳಿಯುವುದಕ್ಕೆ ಓಕರಿಕೆ ಒಂದು ಕಾರಣವಾದರೆ ಇದು ಇನ್ನೊಂದು.

ಹೆರಿಗೆಯೇನೋ ಆಸ್ಪತ್ರೆಗೆ ಹೋಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಅಲ್ಲೇ. ಸನ್ನಿಯ ಭಯ ಹೆಚ್ಚುಕಡಿಮೆ ಮರೆತೇಹೋಗಿದೆ, ಪಥ್ಯ ಉಳಿದಿದೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅದಕ್ಕೆ ಪಥ್ಯವೊಂದನ್ನೇ ದೂರುವುದು ತಪ್ಪು. ಬಡತನ, ಬೇಗನೆ ಮದುವೆ, ಗಂಡಸರ ಊಟವಾದ ಮೇಲೆ ತಳ ಬಳಿದು ಉಣ್ಣುವ ಪದ್ಧತಿ ಎಲ್ಲಕ್ಕೂ ಪಾಲಿದೆ.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆ ಪಥ್ಯಕ್ಕೆ ನೇರವಾಗಿ ಎದುರಾಯಿತು. ಅನ್ನ, ಸಾರು, ಮೊಟ್ಟೆ, ಹಾಲು, ಚಿಕ್ಕಿ ಎಲ್ಲವೂ ಇತ್ತು, ಆದರೆ ಅಂಗನವಾಡಿಗೇ ಬಂದು ಉಣ್ಣಬೇಕಿತ್ತು. ತಲೆಗೆ ಬಟ್ಟೆ ಕಟ್ಟಿಕೊಂಡು, ಗಾಳಿ ಸೋಕದಂತೆ ತಿಂಗಳುಗಟ್ಟಲೆ ಒಳಗಿರಬೇಕಾದವಳು ಮಧ್ಯಾಹ್ನದ ಬಿಸಿಲಲ್ಲಿ ನಡೆದುಹೋಗಿ ಎಲ್ಲರ ಸಾಲಲ್ಲಿ ಕೂತು ಮೊಟ್ಟೆ ತಿನ್ನುವುದೆಂದರೆ ಮನೆಯ ಹಿರಿಯರು ಒಪ್ಪುವುದುಂಟೆ? ಜಾತಿಯ ಲೆಕ್ಕ ಬೇರೆ. ಮೊದಲ ಬಾಣಂತನ ತವರಿನಲ್ಲಿ ನಡೆಯುತ್ತದೆ. ಹೆಸರು ಮಾತ್ರ ಗಂಡನ ಊರಿನ ಅಂಗನವಾಡಿಯಲ್ಲಿರುತ್ತದೆ. ಕೋವಿಡ್ ಬಂದಾಗ ದಿನಸಿಯನ್ನು ಮನೆಗೇ ಕೊಟ್ಟರು. ಮನೆಗೆ ಬಂದ ಮೊಟ್ಟೆ ಯಾರ ತಟ್ಟೆಗೆ ಎಂಬುದನ್ನು ಅತ್ತೆ ಅಥವಾ ಅವ್ವ ತೀರ್ಮಾನಿಸುತ್ತಾರೆ, ಪೌಷ್ಟಿಕ ಆಹಾರದ ತಿಳಿವಳಿಕೆ ಸಭೆಗೆ ಕರೆಯುವುದು ಮಾತ್ರ ಬಸುರಿಯನ್ನು.