ಮನೆಯಲ್ಲಿ ಬಿಯರ್ ತಯಾರಿಕೆ

ಮನೆಯಲ್ಲಿ ಬಿಯರ್ ತಯಾರಿಕೆ ಎಂಬುದು ಮಾರಾಟದ ಉದ್ದೇಶವಿಲ್ಲದೆ, ಸ್ವಂತ ಬಳಕೆಗಾಗಿ, ಸಣ್ಣ ಪ್ರಮಾಣದಲ್ಲಿ ಬಿಯರನ್ನು ತಯಾರಿಸುವ ಹವ್ಯಾಸ. ಇಂಗ್ಲಿಷಿನಲ್ಲಿ ಇದಕ್ಕೆ ಹೋಮ್‌ಬ್ರೂಯಿಂಗ್ ಎಂಬ ಹೆಸರಿದೆ. ಅಮೆರಿಕ ಸಂಯುಕ್ತ ಸಂಸ್ಥಾನ, ಬ್ರಿಟನ್, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಈ ಹವ್ಯಾಸ ಚೆನ್ನಾಗಿ ಬೇರೂರಿದೆ. ಒಂದು ಸಲಕ್ಕೆ ಸಾಮಾನ್ಯವಾಗಿ 19ರಿಂದ 23 ಲೀಟರ್‌ಗಳಷ್ಟು ತಯಾರಿಸುತ್ತಾರೆ. ಇಲ್ಲಿ ನಡೆಯುವುದು ಹುದುಗುವಿಕೆ ಮಾತ್ರ. ಭಟ್ಟಿ ಇಳಿಸುವ ಕ್ರಿಯೆಗೂ ಇದಕ್ಕೂ ಸಂಬಂಧವಿಲ್ಲ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಹೀಗೆ ತಯಾರಿಸುವುದು ಕಾನೂನಿಗೆ ವಿರುದ್ಧ (ಕೊನೆಯ ವಿಭಾಗವನ್ನು ನೋಡಿ).

ಮೂಲ ತತ್ವ

ಬಿಯರಿಗೆ ಬೇಕಾದ ವಸ್ತುಗಳು ನಾಲ್ಕು: ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಹೂವು ಮತ್ತು ಯೀಸ್ಟ್. ಬಾರ್ಲಿಗೆ ಜವೆಗೋಧಿ ಎಂಬ ಹೆಸರೂ ಉಂಟು. ಮೊಳಕೆ ಬರಿಸಿ ಒಣಗಿಸಿದ ಕಾಳನ್ನು ಮಾಲ್ಟ್ ಎನ್ನುತ್ತಾರೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರಿದು ಮಕ್ಕಳಿಗೆ ರಾಗಿ ಮಾಲ್ಟ್ ಮಾಡುವ ಮನೆಗಳಿಗೆ ಈ ಪದವೂ ಕ್ರಮವೂ ಹೊಸದಲ್ಲ. ಮೊಳೆಯುವಾಗ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಹುಟ್ಟಿಕೊಳ್ಳುತ್ತವೆ. ಬಿಯರ್ ತಯಾರಕನು ಉಪಯೋಗಿಸಿಕೊಳ್ಳುವುದು ಈ ಕಿಣ್ವಗಳನ್ನೇ.

ಒಡೆದ ಮಾಲ್ಟನ್ನು ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ನೆನೆಸಿಡುವುದು ಮೊದಲ ಹಂತ. ಇದಕ್ಕೆ ಮ್ಯಾಶಿಂಗ್ ಎಂದು ಹೆಸರು. ನೀರಿನ ಉಷ್ಣತೆ ಇಲ್ಲಿ ನಿರ್ಣಾಯಕ. 62ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೀಟಾ ಅಮೈಲೇಸ್ ಎಂಬ ಕಿಣ್ವ ಚುರುಕಾಗಿರುತ್ತದೆ; ಆಗ ಯೀಸ್ಟ್ ಸುಲಭವಾಗಿ ತಿನ್ನಬಲ್ಲ ಸಕ್ಕರೆ ಹೆಚ್ಚಾಗಿ ದೊರೆತು, ಬಿಯರ್ ತೆಳುವಾಗಿ, ಸಿಹಿ ಕಡಿಮೆಯಾಗಿ ಬರುತ್ತದೆ. 68 ಡಿಗ್ರಿಯ ಮೇಲೆ ಆಲ್ಫಾ ಅಮೈಲೇಸಿನದೇ ಮೇಲುಗೈ. ಯೀಸ್ಟಿಗೆ ದಕ್ಕದ ದೊಡ್ಡ ಅಣುಗಳು ಉಳಿದು ಬಿಯರ್ ಗಟ್ಟಿಯಾಗುತ್ತದೆ. ಹೀಗೆ ಐದಾರು ಡಿಗ್ರಿಗಳ ವ್ಯತ್ಯಾಸದಿಂದ ಒಂದೇ ಕಾಳಿನಿಂದ ಎರಡು ಬಗೆಯ ಪಾನೀಯಗಳು ಹುಟ್ಟುತ್ತವೆ. ಸೋಸಿ ತೆಗೆದ ಸಿಹಿಯಾದ ದ್ರವವೇ ವರ್ಟ್.

ಇದು ಇನ್ನೂ ಬಿಯರ್ ಅಲ್ಲ. ವರ್ಟ್ ತಯಾರಿಸುವವನು ಮನುಷ್ಯ, ಬಿಯರ್ ತಯಾರಿಸುವುದು ಯೀಸ್ಟ್. ಈ ಏಕಕೋಶ ಜೀವಿ ಸಕ್ಕರೆಯನ್ನು ಈಥೈಲ್ ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ. ಬಿಯರ್ ಕೆಡುವುದಕ್ಕೆ ಬೇರೆ ಸೂಕ್ಷ್ಮಜೀವಿಗಳೇ ಕಾರಣವೆಂದು ಲೂಯಿ ಪಾಶ್ಚರ್ 1876ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ವಿವರಿಸಿದರು. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಯೀಸ್ಟಿನ ಒಂದೇ ಕೋಶದಿಂದ ಶುದ್ಧ ತಳಿಯನ್ನು ಬೆಳೆಸಿದರು. ಇಂದು ಹವ್ಯಾಸಿಗಳು ಸಣ್ಣ ಪೊಟ್ಟಣದಲ್ಲಿ ಕೊಳ್ಳುವ ಒಣ ಯೀಸ್ಟ್ ಆ ಸಂಶೋಧನೆಯ ಫಲ.

ಉಪಕರಣಗಳು

ಆರಂಭಿಸುವವರಿಗೆ ಬೇಕಾದ ಸಾಮಾನು ಹೆಚ್ಚೇನಿಲ್ಲ. 20 ಲೀಟರಿಗೂ ಮಿಗಿಲಾದ ಸ್ಟೀಲಿನ ಪಾತ್ರೆ, ಆಹಾರಯೋಗ್ಯ ಪ್ಲಾಸ್ಟಿಕ್ಕಿನ ಮುಚ್ಚಳವಿರುವ ಡಬ್ಬ, ಒಳಗಿನ ಅನಿಲವನ್ನು ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಏರ್‌ಲಾಕ್, ಥರ್ಮಾಮೀಟರ್, ದ್ರವವನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಇಳಿಸುವ ರಬ್ಬರ್ ಕೊಳವೆ, ಬಾಟಲಿಗಳು ಮತ್ತು ಅವುಗಳಿಗೆ ಬಿರಡೆ ಒತ್ತುವ ಕೈಯಂತ್ರ ಇದ್ದರೆ ಸಾಕು. ಕುದಿದ ವರ್ಟನ್ನು ಬೇಗ ತಣಿಸಲು ತಾಮ್ರದ ಸುರುಳಿಯನ್ನು ಅದರೊಳಗೆ ಇಳಿಸಿ, ಸುರುಳಿಯ ಮೂಲಕ ತಣ್ಣೀರು ಹರಿಸುತ್ತಾರೆ. ಮ್ಯಾಶಿಂಗ್, ಸೋಸುವಿಕೆ, ಕುದಿಸುವಿಕೆಗಳನ್ನು ಒಂದೇ ಪಾತ್ರೆಯಲ್ಲಿ ಮಾಡುವ ವಿದ್ಯುತ್ ಯಂತ್ರಗಳೂ ಬಂದಿವೆ. ನ್ಯೂಜಿಲೆಂಡಿನ ಗ್ರೇನ್‌ಫಾದರ್ ಅಂಥವುಗಳಲ್ಲಿ ಒಂದು.

ಉಪಕರಣಗಳಲ್ಲಿ ಅಗ್ಗವಾದದ್ದೂ ಬಹಳ ಉಪಯುಕ್ತವಾದದ್ದೂ ಹೈಡ್ರೋಮೀಟರ್. ಹಾಲಿನ ಡೇರಿಯಲ್ಲಿ ಕಾಣುವ ಲ್ಯಾಕ್ಟೋಮೀಟರಿನ ಜಾತಿಗೇ ಸೇರಿದ ಈ ಗಾಜಿನ ಕಡ್ಡಿ ದ್ರವದ ಸಾಪೇಕ್ಷ ಸಾಂದ್ರತೆಯನ್ನು ತೋರಿಸುತ್ತದೆ. ಸಕ್ಕರೆ ಹೆಚ್ಚಿದ್ದಷ್ಟೂ ಅದು ಮೇಲಕ್ಕೆ ತೇಲುತ್ತದೆ. ಹುದುಗುವ ಮೊದಲು 1.050 ಇದ್ದ ಅಳತೆ ಕೊನೆಗೆ 1.010ಕ್ಕೆ ಇಳಿದರೆ ವ್ಯತ್ಯಾಸ 0.040. ಇದನ್ನು 131.25ರಿಂದ ಗುಣಿಸಿದರೆ 5.25, ಅಂದರೆ ಆ ಬಿಯರಿನಲ್ಲಿ ಪರಿಮಾಣದ ಲೆಕ್ಕದಲ್ಲಿ ಸುಮಾರು ಶೇಕಡಾ 5.25ರಷ್ಟು ಆಲ್ಕೋಹಾಲ್ ಇದೆ.

ತಯಾರಿಕೆಯ ಕ್ರಮ

ಹೊಸಬರು ಸಾಮಾನ್ಯವಾಗಿ ಮಾಲ್ಟಿನ ಪಾಕವನ್ನೋ ಪುಡಿಯನ್ನೋ ಕೊಂಡು ನೀರಿನಲ್ಲಿ ಕರಗಿಸಿ ಆರಂಭಿಸುತ್ತಾರೆ. ಅನುಭವ ಬಂದಂತೆ ಕಾಳಿನಿಂದಲೇ ತಯಾರಿಸಲು ತೊಡಗುತ್ತಾರೆ. ಕಾಳನ್ನು ದೊಡ್ಡ ಬಟ್ಟೆಚೀಲದಲ್ಲಿ ತುಂಬಿ ಪಾತ್ರೆಯಲ್ಲಿ ನೆನೆಸಿ, ಬಳಿಕ ಚೀಲವನ್ನು ಎತ್ತಿ ಹಿಂಡುವ ಸರಳ ವಿಧಾನ ಆಸ್ಟ್ರೇಲಿಯಾದ ಹವ್ಯಾಸಿಗಳಿಂದ ಪ್ರಚಾರಕ್ಕೆ ಬಂತು.

ವರ್ಟನ್ನು ಸುಮಾರು ಒಂದು ಗಂಟೆ ಕುದಿಸುತ್ತಾರೆ. ಕುದಿಯ ಆರಂಭದಲ್ಲಿ ಹಾಕಿದ ಹಾಪ್ಸ್ ಕಹಿಯನ್ನು ಕೊಡುತ್ತದೆ, ಕೊನೆಯಲ್ಲಿ ಹಾಕಿದ್ದು ಪರಿಮಳವನ್ನು ಕೊಡುತ್ತದೆ. ಒಗ್ಗರಣೆಯ ಇಂಗು ಯಾವಾಗ ಬೀಳಬೇಕೆಂದು ಬಲ್ಲವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ. ಅನಂತರ ವರ್ಟನ್ನು ತಣಿಸಿ, ಡಬ್ಬಕ್ಕೆ ವರ್ಗಾಯಿಸಿ, ಯೀಸ್ಟ್ ಬೆರೆಸುತ್ತಾರೆ. ಏಲ್ ಬಗೆಯ ಯೀಸ್ಟಿಗೆ 18ರಿಂದ 22 ಡಿಗ್ರಿ, ಲಾಗರ್ ಬಗೆಗೆ 8ರಿಂದ 13 ಡಿಗ್ರಿ ಒಪ್ಪುತ್ತದೆ. ಸೆಕೆ ಹೆಚ್ಚಾದರೆ ಯೀಸ್ಟ್ ಅವಸರದಿಂದ ಕೆಲಸ ಮಾಡಿ ಅನಪೇಕ್ಷಿತ ವಾಸನೆಗಳನ್ನು ಉಳಿಸುತ್ತದೆ. ಆದ್ದರಿಂದ ಹಳೆಯ ಫ್ರಿಜ್ಜಿಗೆ ಉಷ್ಣತಾ ನಿಯಂತ್ರಕ ಜೋಡಿಸಿ ಬಳಸುವವರು ಬಹಳ.

ಕುದಿಯುವ ತನಕ ಶಾಖವೇ ರಕ್ಷಕ. ಕುದಿ ಇಳಿದ ಮೇಲೆ ವರ್ಟನ್ನು ಮುಟ್ಟುವ ಪ್ರತಿಯೊಂದು ವಸ್ತುವನ್ನೂ ಮೊದಲು ತೊಳೆದು, ಆಮೇಲೆ ಸೋಂಕುನಿವಾರಕ ದ್ರಾವಣದಲ್ಲಿ ಅದ್ದಿರಬೇಕು. ತೊಳೆಯುವುದು ಬೇರೆ, ಸೋಂಕು ನಿವಾರಿಸುವುದು ಬೇರೆ. ಕೊಳೆ ಅಂಟಿದ ಪಾತ್ರೆಯ ಮೇಲೆ ಯಾವ ದ್ರಾವಣವೂ ಪೂರ್ತಿ ಫಲಿಸದು. ಹೊಸಬರ ಬಿಯರ್ ಹುಳಿಯಾಗುವುದು ಹೆಚ್ಚಾಗಿ ಇಲ್ಲಿಯ ಉದಾಸೀನದಿಂದ.

ಏರ್‌ಲಾಕಿನಲ್ಲಿ ಗುಳ್ಳೆ ನಿಂತಿತೆಂದರೆ ಹುದುಗುವಿಕೆ ಮುಗಿಯಿತೆಂದು ಭಾವಿಸುವುದು ತಪ್ಪು. ಕೆಲವು ದಿನಗಳ ಅಂತರದಲ್ಲಿ ತೆಗೆದ ಹೈಡ್ರೋಮೀಟರ್ ಅಳತೆಗಳು ಬದಲಾಗದೆ ಉಳಿದರೆ ಮಾತ್ರ ಮುಗಿದಂತೆ. ಬಾಟಲಿ ತುಂಬುವಾಗ ಲೀಟರಿಗೆ 6–7 ಗ್ರಾಂ ಸಕ್ಕರೆ ಸೇರಿಸುತ್ತಾರೆ. ಉಳಿದ ಯೀಸ್ಟ್ ಅದನ್ನು ತಿಂದು ಬಿಟ್ಟ ಅನಿಲದಿಂದ ಬಿಯರಿಗೆ ನೊರೆ ಬರುತ್ತದೆ. ಹುದುಗುವಿಕೆ ಮುಗಿಯುವ ಮೊದಲೇ ತುಂಬಿದರೆ ಅಥವಾ ಸಕ್ಕರೆ ಅಳತೆ ಮೀರಿದರೆ ಬಾಟಲಿ ಸಿಡಿಯಬಹುದು. ಗಾಜಿನ ಚೂರುಗಳಿಂದಾಗುವ ಗಾಯ ಈ ಹವ್ಯಾಸದ ನಿಜವಾದ ಅಪಾಯಗಳಲ್ಲಿ ಒಂದು.

ತಂತ್ರಾಂಶಗಳು

ಬಿಯರ್‌ಸ್ಮಿತ್, ಬ್ರೂಫಾದರ್, ಮುಕ್ತ ತಂತ್ರಾಂಶವಾದ ಬ್ರೂಟಾರ್ಗೆಟ್ ಮೊದಲಾದವು ಪಾಕವಿಧಾನವನ್ನು ರೂಪಿಸಲು ನೆರವಾಗುತ್ತವೆ. ಇವು ಮಾಡುವುದು ಮೂಲತಃ ಹೈಸ್ಕೂಲಿನ ಗಣಿತವನ್ನೇ. ಒಂದು ಕಿಲೋ ಸಾಧಾರಣ ಮಾಲ್ಟಿನಿಂದ ಒಂದು ಲೀಟರ್ ವರ್ಟಿಗೆ ಗರಿಷ್ಠ ಸುಮಾರು 300 ಅಂಶಗಳಷ್ಟು ಸಾಂದ್ರತೆ ಬರುತ್ತದೆ ಎಂದುಕೊಳ್ಳೋಣ. ಮನೆಯ ಸಲಕರಣೆ ಅದರ ಶೇಕಡಾ 75ನ್ನು ಮಾತ್ರ ಹೊರತೆಗೆದರೆ ಸಿಗುವುದು 225. 4.5 ಕಿಲೋ ಮಾಲ್ಟಿಗೆ ಸುಮಾರು 1012. ಅದನ್ನು 20 ಲೀಟರಿಗೆ ಹಂಚಿದರೆ ಸುಮಾರು 51, ಎಂದರೆ ಸುಮಾರು 1.051.

ಕಹಿಯ ಲೆಕ್ಕವೂ ಹೀಗೆಯೇ. ಒಂದು ಲೀಟರಿನಲ್ಲಿ ಕರಗಿರುವ ಹಾಪ್ಸಿನ ಕಹಿ ಅಂಶವನ್ನು ಮಿಲಿಗ್ರಾಂಗಳಲ್ಲಿ ಹೇಳುವ ಮಾನಕ್ಕೆ ಐಬಿಯು ಎನ್ನುತ್ತಾರೆ. ಶೇಕಡಾ 5ರಷ್ಟು ಆಲ್ಫಾ ಆಮ್ಲವಿರುವ 30 ಗ್ರಾಂ ಹಾಪ್ಸಿನಲ್ಲಿ 1500 ಮಿಲಿಗ್ರಾಂ ಆಮ್ಲವಿರುತ್ತದೆ. ಒಂದು ಗಂಟೆಯ ಕುದಿಯಲ್ಲಿ ಅದರ ಸುಮಾರು ಶೇಕಡಾ 23 ಮಾತ್ರ ದಕ್ಕುತ್ತದೆಂಬುದು ಗ್ಲೆನ್ ಟಿನ್‌ಸೆತ್ ಅವರ ಸೂತ್ರದ ಅಂದಾಜು. ಹಾಗಾದರೆ 20 ಲೀಟರಿನಲ್ಲಿ ಕಹಿ ಸುಮಾರು 17 ಐಬಿಯು. ಒಮ್ಮೆ ಕಾಗದದ ಮೇಲೆ ಈ ಲೆಕ್ಕ ಮಾಡಿದವರಿಗೆ ತಂತ್ರಾಂಶದ ಉತ್ತರ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. ಪಾಕವಿಧಾನಗಳನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಒಯ್ಯಲು ಬಿಯರ್‌ಎಕ್ಸ್‌ಎಂಎಲ್ ಎಂಬ ಕಡತ ರೂಪ ಬಳಕೆಯಲ್ಲಿದೆ. ಡಬ್ಬದೊಳಗೆ ತೇಲುತ್ತ ಸಾಂದ್ರತೆಯನ್ನೂ ಉಷ್ಣತೆಯನ್ನೂ ಮೊಬೈಲಿಗೆ ಕಳುಹಿಸುವ ಟಿಲ್ಟ್‌ನಂತಹ ಸಾಧನಗಳೂ ಇವೆ.

ಕಳ್ಳಭಟ್ಟಿಗೂ ಇದಕ್ಕೂ ಇರುವ ಭೇದ

ಮನೆಯಲ್ಲಿ ಮಾಡಿದ ಮದ್ಯ ಎಂದೊಡನೆ ನಮ್ಮಲ್ಲಿ ಕಳ್ಳಭಟ್ಟಿ ದುರಂತಗಳ ನೆನಪಾಗುವುದು ಸಹಜ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮೀಥೈಲ್ ಆಲ್ಕೋಹಾಲ್ ಬೆರೆತ ಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಮಂದಿ ಬಲಿಯಾದರು. ಇಂತಹ ದುರಂತಗಳಿಗೆ ಸಾಮಾನ್ಯ ಕಾರಣ ಕೈಗಾರಿಕಾ ಮೀಥೈಲ್ ಆಲ್ಕೋಹಾಲಿನ ಕಲಬೆರಕೆ. ಬಾರ್ಲಿಯ ಹುದುಗುವಿಕೆಯಲ್ಲಿ ಈ ವಿಷ ಅಪಾಯಕಾರಿ ಪ್ರಮಾಣದಲ್ಲಿ ಹುಟ್ಟುವುದಿಲ್ಲ. ಹಾಗೆಂದು ಬಿಯರ್ ನಿರಪಾಯವೆಂದು ಅರ್ಥವಲ್ಲ. ಆಲ್ಕೋಹಾಲಿನಿಂದ ಆರೋಗ್ಯಕ್ಕಾಗುವ ಹಾನಿ ಮನೆಯ ಬಿಯರಿಗೂ ಅನ್ವಯಿಸುತ್ತದೆ.

ಇತಿಹಾಸ ಮತ್ತು ಕಾನೂನು

ಕಾರ್ಖಾನೆಗಳು ಬರುವ ಮೊದಲು ಯೂರೋಪಿನಲ್ಲಿ ಬಿಯರ್ ಅಡುಗೆಮನೆಯ ಕೆಲಸವಾಗಿತ್ತು, ಬಹುಮಟ್ಟಿಗೆ ಹೆಂಗಸರ ಕೆಲಸವಾಗಿತ್ತು. ಬ್ರಿಟನ್ನಿನಲ್ಲಿ 1880ರ ಕಾಯಿದೆ ಮನೆಯ ತಯಾರಕರಿಗೂ ಪರವಾನಗಿಯನ್ನು ವಿಧಿಸಿತು. 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ರದ್ದುಪಡಿಸಿದರು.

ಅಮೆರಿಕದ ಕಥೆ ವಿಚಿತ್ರವಾದದ್ದು. 1920ರಿಂದ 1933ರವರೆಗಿನ ಪಾನನಿಷೇಧ ಮುಗಿದಾಗ ಮನೆಯಲ್ಲಿ ವೈನ್ ತಯಾರಿಸಲು ಅನುಮತಿ ದೊರೆಯಿತು, ಬಿಯರಿಗೆ ದೊರೆಯಲಿಲ್ಲ. ಈ ಲೋಪ ಸರಿಹೋಗಲು 45 ವರ್ಷ ಹಿಡಿಯಿತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯಿದೆ, ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ತೆರಿಗೆಯಿಲ್ಲದೆ ತಯಾರಿಸಲು ಅವಕಾಶ ನೀಡಿತು. ಮಾರಾಟ ಮಾತ್ರ ಕೂಡದು. ರಾಜ್ಯಗಳ ನಿರ್ಬಂಧಗಳು ಆಮೇಲೂ ಉಳಿದಿದ್ದವು. ಕೊನೆಯದಾಗಿ ಅಲಬಾಮ ಮತ್ತು ಮಿಸಿಸಿಪಿ 2013ರಲ್ಲಿ ಅನುಮತಿ ನೀಡಿದವು. 1978ರಲ್ಲೇ ಅಮೆರಿಕನ್ ಹೋಮ್‌ಬ್ರೂವರ್ಸ್ ಅಸೋಸಿಯೇಶನ್ ಅನ್ನು ಸ್ಥಾಪಿಸಿದವರಲ್ಲಿ ಒಬ್ಬರಾದ ಚಾರ್ಲಿ ಪಪೇಜಿಯನ್ ಅವರ 1984ರ ಕೈಪಿಡಿ ಅನೇಕರಿಗೆ ಮೊದಲ ಪಾಠಪುಸ್ತಕವಾಯಿತು. ಸಿಯೆರಾ ನೆವಾಡಾದ ಕೆನ್ ಗ್ರಾಸ್‌ಮನ್ ಸೇರಿದಂತೆ ಹಲವರು ಈ ಹವ್ಯಾಸದಿಂದಲೇ ಉದ್ಯಮಕ್ಕೆ ಬಂದವರು. ಜಪಾನಿನಲ್ಲಿ ಶೇಕಡಾ 1 ಅಥವಾ ಅದಕ್ಕಿಂತ ಹೆಚ್ಚು ಆಲ್ಕೋಹಾಲಿರುವ ಪಾನೀಯವನ್ನು ಪರವಾನಗಿಯಿಲ್ಲದೆ ತಯಾರಿಸುವಂತಿಲ್ಲ.

ಭಾರತದಲ್ಲಿ ಮದ್ಯದ ತಯಾರಿಕೆ ರಾಜ್ಯ ಸರ್ಕಾರಗಳ ವ್ಯಾಪ್ತಿಗೆ ಸೇರಿದೆ. ಕೆಲವು ರಾಜ್ಯಗಳು ಬುಡಕಟ್ಟು ಸಮುದಾಯಗಳಿಗೆ ಮನೆಬಳಕೆಯ ಅಕ್ಕಿ ಬಿಯರಿನ ಮಟ್ಟಿಗೆ ವಿನಾಯಿತಿ ನೀಡಿವೆ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಶಿಕ್ಷಾರ್ಹ ಅಪರಾಧ. ಬಿಯರ್ ಆ ಕಾಯಿದೆಯ ದೃಷ್ಟಿಯಲ್ಲಿ ಮದ್ಯವೇ. ಬೆಂಗಳೂರಿನಲ್ಲಿ 2010ರ ದಶಕದಿಂದ ಹೆಚ್ಚುತ್ತ ಬಂದಿರುವ ಮೈಕ್ರೋಬ್ರೂವರಿಗಳು ಪರವಾನಗಿ ಪಡೆದ ವಾಣಿಜ್ಯ ಘಟಕಗಳು, ಹವ್ಯಾಸಿಗಳ ಕೂಟಗಳಲ್ಲ. ವಿದೇಶಗಳಲ್ಲಿ ನೆಲಸಿರುವ ಕನ್ನಡಿಗರು ತಾವಿರುವ ದೇಶ ಮತ್ತು ರಾಜ್ಯದ ನಿಯಮಗಳಿಗೆ ಒಳಪಡುತ್ತಾರೆ.