ಸಂಘದ ಕಂಪ್ಯೂಟರಿನ ತಂತ್ರಾಂಶ ಅಸಲಿಯೇ? ಪತ್ತೆ ಹಚ್ಚುವ ಬಗೆ



ತಾವು ಎರಡು ಹೊತ್ತು ಸಂಘಕ್ಕೆ ಹಾಕುವ ಹಾಲಿನ ಪ್ರಮಾಣ, ಜಿಡ್ಡು, ಎಸ್.ಎನ್.ಎಫ್. ಇವುಗಳ ಲೆಕ್ಕ ಹಾಕಿ ಚೀಟಿ ಕೊಡುವುದು ಈಗ ಅನೇಕ ಸಂಘಗಳಲ್ಲಿ ಕಂಪ್ಯೂಟರ್. ನಿಜವಾಗಿ ಲೆಕ್ಕ ಮಾಡುವುದು ಅದರೊಳಗಿನ ತಂತ್ರಾಂಶದ ಕಡತ. ಅದನ್ನು ಯಾರಾದರೂ ತಿದ್ದಿದರೆ ಬಟವಾಡೆಯಲ್ಲಿ ನಷ್ಟವಾಗುವುದು ತಮಗೇ.

ಕಡತದ ಹೆಸರನ್ನು ನೋಡಿ ನಂಬುವಂತಿಲ್ಲ. ಹೆಸರು ಹಸುವಿನ ಕಿವಿ ಓಲೆಯಿದ್ದಂತೆ. ಒಂದರದನ್ನು ಕಿತ್ತು ಇನ್ನೊಂದಕ್ಕೆ ಹಾಕಬಹುದು. ಆದರೆ ಮೂತಿಯ ಮೇಲಿನ ಗೆರೆಗಳ ಅಚ್ಚು ಹಸುವಿನಿಂದ ಹಸುವಿಗೆ ಬೇರೆ. ಕಡತಕ್ಕೂ ಅಂಥದೊಂದು ಅಚ್ಚಿದೆ. ಅದಕ್ಕೆ ಹ್ಯಾಶ್ ಎನ್ನುತ್ತಾರೆ.

ಕಂಪ್ಯೂಟರಿನ ಪಾಲಿಗೆ ಪ್ರತಿ ಕಡತವೂ ಬರೀ ಅಂಕಿಗಳ ಸಾಲು. ಆ ಸಾಲನ್ನು ಒಂದು ಗೊತ್ತಾದ ಗಣಿತ ವಿಧಾನದಲ್ಲಿ ಕಲಸಿ ಅರೆದರೆ ಕೊನೆಗೆ ಒಂದು ಸಂಖ್ಯೆ ಉಳಿಯುತ್ತದೆ. ಎಸ್.ಎಚ್.ಎ.-256 ಎಂಬ ವಿಧಾನದಲ್ಲಿ ಇದನ್ನು 64 ಅಂಕಿ ಅಕ್ಷರಗಳಲ್ಲಿ ಬರೆಯುತ್ತಾರೆ. ಕಡತ ಚಿಕ್ಕದಿರಲಿ, ದೊಡ್ಡದಿರಲಿ, ಉದ್ದ ಅಷ್ಟೇ. ಒಂದೇ ಕಡತವನ್ನು ಯಾವ ಊರಿನಲ್ಲಿ ಪರೀಕ್ಷಿಸಿದರೂ ಅದೇ ಸಂಖ್ಯೆ. ಒಳಗೆ ಒಂದು ಚುಕ್ಕೆ ಬದಲಾದರೆ ಸಂಖ್ಯೆಯೇ ಪೂರ್ತಿ ಬೇರೆ. ಹಾಲಿಗೆ ನೀರು ಬೆರೆಸಿ, ಸಕ್ಕರೆ ಹಾಕಿ ಲ್ಯಾಕ್ಟೋಮೀಟರಿಗೆ ಮೋಸ ಮಾಡುವಂತೆ ಇಲ್ಲಿ ಮಾಡಲಾಗದು. ಆದರೆ ಹಳೆಯ ವಿಧಾನಗಳು ಸೋತಿವೆ. ಎಂ.ಡಿ.-5ರಲ್ಲಿ 2004ರಲ್ಲಿ, ಎಸ್.ಎಚ್.ಎ.-1ರಲ್ಲಿ 2017ರಲ್ಲಿ, ಬೇರೆ ಬೇರೆ ಕಡತಗಳಿಗೆ ಒಂದೇ ಅಚ್ಚು ಬರುವಂತೆ ಸಂಶೋಧಕರು ಮಾಡಿ ತೋರಿಸಿದರು. 256ನ್ನೇ ಕೇಳಿ.

ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್, ಅಸಂಖ್ಯ ತಂತ್ರಾಂಶಗಳನ್ನು ಸಂಗ್ರಹಿಸಿ ಅವುಗಳ ಕಡತಗಳ ಅಚ್ಚುಗಳ ಪಟ್ಟಿಯನ್ನೇ ಇಟ್ಟಿದೆ. ಅಪರಾಧ ತನಿಖೆಯಲ್ಲಿ ವಶಪಡಿಸಿಕೊಂಡ ಕಂಪ್ಯೂಟರಿನ ಲಕ್ಷಾಂತರ ಕಡತಗಳಲ್ಲಿ ಪಟ್ಟಿಗೆ ತಾಳೆಯಾದವನ್ನು ಬದಿಗಿಟ್ಟು ಉಳಿದವನ್ನಷ್ಟೇ ನೋಡುತ್ತಾರೆ. ಗಮನಿಸಿ, ಪಟ್ಟಿಯಲ್ಲಿರುವುದು 'ಗೊತ್ತಿರುವ' ಕಡತ. 'ಒಳ್ಳೆಯ' ಕಡತ ಎಂದಲ್ಲ. 2017ರಲ್ಲಿ ಸಿಕ್ಲೀನರ್ ಎಂಬ ತಂತ್ರಾಂಶಕ್ಕೆ ಕಳ್ಳರು ತಯಾರಕರ ಬಳಿಯಲ್ಲೇ ವಿಷ ಬೆರೆಸಿದ್ದರು. ತಯಾರಕರು ಕೊಟ್ಟದ್ದೇ ಆ ಕಡತವಾದ್ದರಿಂದ ಅಚ್ಚಿನ ತಾಳೆಯಿಂದ ಅದು ಪತ್ತೆಯಾಗುವಂತಿರಲಿಲ್ಲ.

ಇನ್ನೊಂದು ಎಚ್ಚರ. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್‌ನ ಜಾಲತಾಣಕ್ಕೆ ನುಗ್ಗಿದವರು ಜನ ಇಳಿಸಿಕೊಳ್ಳುವ ಕಡತದ ಜಾಗದಲ್ಲಿ ಕಳ್ಳಬಾಗಿಲಿದ್ದ ಕಡತವನ್ನು ಕೊಡಿಸಿದರು. ತಾಣಕ್ಕೇ ನುಗ್ಗಿದವರು ಅಲ್ಲಿ ಬರೆದಿಟ್ಟ ಸಂಖ್ಯೆಯನ್ನೂ ಬದಲಾಯಿಸಬಲ್ಲರು. ಆದ್ದರಿಂದ ಕಡತ ತಂದವರ ಕೈಯಿಂದಲೇ ಸಂಖ್ಯೆಯನ್ನೂ ಪಡೆಯಬೇಡಿ. ಬೇರೆ ದಾರಿಯಲ್ಲಿ, ತಯಾರಕರಿಂದ ನೇರವಾಗಿ ಬರಹದಲ್ಲಿ ತರಿಸಿಕೊಳ್ಳಿ.

ಪರೀಕ್ಷೆಗೆ ಖರ್ಚಿಲ್ಲ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಸರ್ಟ್‌ಯುಟಿಲ್ ಎಂಬ ಸಾಧನ ಮೊದಲೇ ಇರುತ್ತದೆ. ಕಾರ್ಯದರ್ಶಿಯವರು ಕ್ಷಣದಲ್ಲಿ ಸಂಖ್ಯೆ ತೆಗೆಯಬಹುದು. ಅದನ್ನು ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡಲಿ. ತಂತ್ರಾಂಶದ ಹೊಸ ಆವೃತ್ತಿ ಬಂದಾಗ ಸಂಖ್ಯೆ ಬದಲಾಗುವುದು ಸಹಜ. ಆವೃತ್ತಿ ಬದಲಾಗದೆ ಸಂಖ್ಯೆ ಬದಲಾಗಿದ್ದರೆ ಕಡತವನ್ನು ಅಳಿಸದೆ ಒಕ್ಕೂಟಕ್ಕೆ ತಿಳಿಸಬೇಕು.

ದರಪಟ್ಟಿ ಸಾಮಾನ್ಯವಾಗಿ ಬೇರೆ ಕಡತದಲ್ಲಿರುತ್ತದೆ; ದರ ಪರಿಷ್ಕರಣೆಯಾದಾಗಲೆಲ್ಲ ಅದು ಬದಲಾಗುತ್ತದೆ. ತಂತ್ರಾಂಶದ ಅಚ್ಚು ಸರಿಯಿದ್ದ ಮಾತ್ರಕ್ಕೆ ದರ ಸರಿಯಿದೆ ಎಂದಾಗದು. ಅದಕ್ಕೆ ತಮ್ಮ ಚೀಟಿಯನ್ನು ಸಂಘದ ಗೋಡೆಯ ದರಪಟ್ಟಿಯೊಂದಿಗೆ ಆಗಾಗ ತಾಳೆ ನೋಡುತ್ತಿರಿ.