ಪ್ರಸಾಧನದ ಪೊಟ್ಟಣಗಳೂ ರದ್ದಿ ಅಂಗಡಿಯ ತಕ್ಕಡಿಯೂ

ದೀಪಾವಳಿಗೆ ಮುಂಚಿನ ರವಿವಾರ ಮನೆಯನ್ನು ಶುಚಿಗೊಳಿಸುವುದು ಮುಂಬಯಿಯ ಬಹುತೇಕ ಕುಟುಂಬಗಳಲ್ಲಿ ನಡೆದುಬಂದ ಪದ್ಧತಿ. ಕಳೆದ ಬಾರಿ ಸ್ನಾನಗೃಹದ ಕಪಾಟನ್ನು ತೆರವುಗೊಳಿಸುವ ಕೆಲಸ ನನ್ನ ಪಾಲಿಗೆ ಬಂತು. ಶಾಂಪೂ ಬಾಟಲಿಗಳು, ಕ್ರೀಮಿನ ಟ್ಯೂಬುಗಳು, ಪಂಪು ಜೋಡಿಸಿದ ಶೀಸೆ, ಬೆರಳಗಲದ ಸ್ಯಾಶೆಗಳು, ಮಗಳ ಲಿಪ್‌ಸ್ಟಿಕ್ಕಿನ ಖಾಲಿ ಕೊಳವೆ ಇವೆಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಬೀದಿ ಕೊನೆಯ ರದ್ದಿ ಅಂಗಡಿಗೆ ಒಯ್ದೆ. ಅಂಗಡಿಯವನು ಚೀಲವನ್ನು ನೆಲಕ್ಕೆ ಸುರುವಿ, ಶಾಂಪೂ ಬಾಟಲಿಗಳನ್ನಷ್ಟೇ ತಕ್ಕಡಿಗೆ ಹಾಕಿದ. ಉಳಿದುದನ್ನು ಮತ್ತೆ ಚೀಲಕ್ಕೆ ತುಂಬಿ, "ಇವೆಲ್ಲ ನಡೆಯುವುದಿಲ್ಲ ಸಾಹೇಬ್" ಎಂದು ಕೈಗಿತ್ತ. ಮನೆಯಲ್ಲಿ ಎಲ್ಲಕ್ಕಿಂತ ದುಬಾರಿಯಾಗಿದ್ದ ಕ್ರೀಮಿನ ಟ್ಯೂಬು ಅಲ್ಲಿ ಕವಡೆ ಕಾಸಿಗೂ ಬೇಡವಾಗಿತ್ತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದ ನನಗೆ ಈ ಲೆಕ್ಕ ಮಾತ್ರ ಹೊಸತಾಗಿತ್ತು. ಅದನ್ನು ಅರಿಯಲು ಮಾಡಿದ ಪ್ರಯತ್ನದ ಫಲವೇ ಈ ಬರಹ.

ನಮ್ಮ ಹಿರಿಯರ ಪ್ರಸಾಧನಕ್ಕೆ ಪೊಟ್ಟಣದ ಸಮಸ್ಯೆಯೇ ಇರಲಿಲ್ಲ. ಊರಿನ ಮನೆಯಲ್ಲಿ ಅಜ್ಜಿಯ ಕುಂಕುಮ ಭರಣಿ ಒಂದೇ, ಕಾಡಿಗೆಯ ಡಬ್ಬಿ ಒಂದೇ. ಒಳಗಿನದು ಮುಗಿದಾಗ ತುಂಬಿಸುತ್ತಿದ್ದರೇ ವಿನಾ ಪಾತ್ರೆಯನ್ನು ಎಸೆಯುತ್ತಿರಲಿಲ್ಲ. ಇಂದು ಜಗತ್ತಿನ ದೊಡ್ಡ ಕಂಪೆನಿಗಳು 'ರಿಫಿಲ್' ಎಂಬ ಹೆಸರಿನಲ್ಲಿ ಸಾರುತ್ತಿರುವುದು ಇದನ್ನೇ. ಉದ್ಯಮ ಬೆಳೆದ ಆರಂಭದ ದಿನಗಳಲ್ಲೂ ಈ ಗುಣ ಪೂರ್ತಿ ಅಳಿದಿರಲಿಲ್ಲ. ಇ. ಎಸ್. ಪಾಟನ್‌ವಾಲಾ ಅವರು 1919ರಲ್ಲಿ ಇದೇ ಮುಂಬಯಿಯಲ್ಲಿ ಆರಂಭಿಸಿದ 'ಅಫ್ಘಾನ್ ಸ್ನೋ' ಗಾಜಿನ ಭರಣಿಯಲ್ಲಿ ಬರುತ್ತಿತ್ತು. ಪೌಡರು ತಗಡಿನ ಡಬ್ಬಿಯಲ್ಲಿ, ಸಾಬೂನು ಕಾಗದದ ಹೊದಿಕೆಯಲ್ಲಿ ಬರುತ್ತಿದ್ದವು. ಖಾಲಿಯಾದ ಡಬ್ಬಿಗಳಿಗೆ ಸೂಜಿದಾರ, ಚಿಲ್ಲರೆ ಕಾಸುಗಳ ರೂಪದಲ್ಲಿ ಎರಡನೆಯ ಆಯುಸ್ಸು ದೊರೆಯುತ್ತಿತ್ತು.

ಬದಲಾವಣೆಗೆ ದೊಡ್ಡ ಕಾರಣಗಳಲ್ಲಿ ಒಂದು ಸ್ಯಾಶೆ. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿ ಕೃಷ್ಣನ್ ಅವರು ಶಾಂಪೂವನ್ನು ಪುಟ್ಟ ಪೊಟ್ಟಣಕ್ಕೆ ತಂದರು. ಅವರ ಪುತ್ರ ಸಿ. ಕೆ. ರಂಗನಾಥನ್ 1983ರಲ್ಲಿ 'ಚಿಕ್' ಶಾಂಪೂ ಆರಂಭಿಸಿ ಅದನ್ನು ಹಳ್ಳಿಹಳ್ಳಿಗೆ ತಲುಪಿಸಿದರು. ಇದನ್ನು ಕೇವಲ ಕೆಡುಕೆಂದು ಹೇಳುವುದು ನ್ಯಾಯವಲ್ಲ. ಇಡೀ ಬಾಟಲಿಗೆ ಹಣ ಹೊಂದಿಸಲಾಗದ ಬಡವರ ಕೈಗೂ ಒಳ್ಳೆಯ ವಸ್ತು ಎಟುಕಿತು. ಮುಂಬಯಿಗೆ ಬಂದ ಹೊಸತರಲ್ಲಿ ನಾಲ್ವರು ಗೆಳೆಯರೊಡನೆ ಒಂದೇ ಖೋಲಿಯಲ್ಲಿದ್ದಾಗ, ತಿಂಗಳ ಕೊನೆಯಲ್ಲಿ ಸ್ಯಾಶೆಯೇ ನನಗೂ ಆಸರೆಯಾಗಿತ್ತು. ಆದರೆ ಅದರ ಬೆಲೆಯ ಇನ್ನೊಂದು ಭಾಗವನ್ನು ಊರು ತೆರಬೇಕಾಯಿತು.

ಸ್ಯಾಶೆ ನೋಡಲು ಒಂದೇ ಹಾಳೆಯಂತಿದ್ದರೂ ಅದರಲ್ಲಿ ಹಲವು ಪದರಗಳಿರುತ್ತವೆ. ಬಣ್ಣದ ಅಚ್ಚು ಮತ್ತು ಬಲಕ್ಕಾಗಿ ಹೊರಗೆ ಪಾಲಿಯೆಸ್ಟರ್, ಗಾಳಿ, ಬೆಳಕು, ತೇವವನ್ನು ತಡೆಯಲು ನಡುವೆ ಅಲ್ಯೂಮಿನಿಯಮ್ ಅಥವಾ ಲೋಹಲೇಪಿತ ಪದರ, ಬಿಸಿಯಿಂದ ಅಂಚು ಬೆಸೆಯಲು ಒಳಗೆ ಪಾಲಿಥೀನ್. ಒಂದೊಂದು ಪದರವೂ ತನ್ನ ಕೆಲಸದಲ್ಲಿ ನಿಪುಣ. ಆದರೆ ಅಂಟಿಸಿದ ಮೇಲೆ ಅವನ್ನು ಅಗ್ಗವಾಗಿ ಬೇರ್ಪಡಿಸುವ ಉಪಾಯವಿಲ್ಲ. ಹಳೆಯ ಬಗೆಯ ಲ್ಯಾಮಿನೇಟೆಡ್ ಟ್ಯೂಬುಗಳದ್ದೂ ಇದೇ ಕಥೆ, ಪ್ಲಾಸ್ಟಿಕ್ಕಿನ ನಡುವೆ ಅಲ್ಯೂಮಿನಿಯಮ್ಮಿನ ತೆಳುಹಾಳೆ. ಪಂಪಿನೊಳಗೆ ಪ್ಲಾಸ್ಟಿಕ್ಕಿನ ಜೊತೆ ಸಾಮಾನ್ಯವಾಗಿ ಉಕ್ಕಿನ ಸ್ಪ್ರಿಂಗ್ ಅಡಗಿರುತ್ತದೆ. ಲಿಪ್‌ಸ್ಟಿಕ್ಕಿನ ಪುಟ್ಟ ಕೊಳವೆಯಲ್ಲಿ ಎರಡು ಮೂರು ಬಗೆಯ ಪ್ಲಾಸ್ಟಿಕ್, ಕೆಲವೊಮ್ಮೆ ಲೋಹವೂ ಸೇರಿರುತ್ತದೆ. ಒಂದೇ ವಸ್ತುವಿನಿಂದಾದದ್ದು ಮತ್ತೆ ಹುಟ್ಟುತ್ತದೆ, ಬೆರಕೆಯಾದದ್ದು ಕಸದ ಗುಡ್ಡ ಸೇರುತ್ತದೆ. ರದ್ದಿಯವನ ತಕ್ಕಡಿ ಹೇಳಿದ ಸತ್ಯ ಇಷ್ಟೇ.

ತಕ್ಕಡಿಗೆ ಏರಿದ ಬಾಟಲಿಗಳಲ್ಲಿ ಬಹಳಷ್ಟು ಧಾರಾವಿಯತ್ತ ಸಾಗುತ್ತವೆ. ಅಲ್ಲಿನ 'ತೇರಾ ಕಂಪೌಂಡ್' ಎಂಬ ಭಾಗದಲ್ಲಿ ಪ್ಲಾಸ್ಟಿಕ್ಕನ್ನು ಕೈಯಿಂದಲೇ ವಿಂಗಡಿಸಿ, ಪುಡಿಮಾಡಿ, ತೊಳೆದು, ಕರಗಿಸಿ ಗುಳಿಗೆಗಳನ್ನಾಗಿ ಮಾಡುತ್ತಾರೆ. ಶಾಂಪೂ ಬಾಟಲಿಯ ಎಚ್‌ಡಿಪಿಇ ನೀರಿನಲ್ಲಿ ತೇಲುತ್ತದೆ, ಪೆಟ್ ಮುಳುಗುತ್ತದೆ. ಹೀಗೆ ಪ್ರಯೋಗಾಲಯವಿಲ್ಲದೆಯೇ ಅಲ್ಲಿನವರು ವಸ್ತುವನ್ನು ಗುರುತಿಸಬಲ್ಲರು. ತಕ್ಕಡಿ ಏರದ ವಸ್ತುಗಳ ಗತಿ ಬೇರೆ. 1927ರಿಂದ ಈ ನಗರದ ಕಸವನ್ನು ಹೊತ್ತ ದೇವನಾರ್ ಗುಡ್ಡಕ್ಕೆ 2016ರ ಜನವರಿಯಲ್ಲಿ ಬೆಂಕಿ ಬಿದ್ದಾಗ ದಿನಗಟ್ಟಲೆ ಹೊಗೆ ಆವರಿಸಿ, ಆ ಪರಿಸರದ ಮಕ್ಕಳ ಶಾಲೆಗಳಿಗೆ ರಜೆ ಕೊಡಬೇಕಾಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನೀರು ಹರಿದುಹೋಗದಿರಲು ಮೋರಿಗಳಲ್ಲಿ ತುಂಬಿದ್ದ ಪ್ಲಾಸ್ಟಿಕ್ಕೂ ಒಂದು ಕಾರಣವಾಗಿತ್ತು. ಅಂದು ಎದೆಮಟ್ಟದ ನೀರಿನಲ್ಲಿ ಮನೆ ಸೇರಿದವರು ನಮ್ಮ ಓದುಗರಲ್ಲೇ ಎಷ್ಟೋ ಮಂದಿ ಇದ್ದಾರು.

ಕಸ ಆಯುವ ಮಹಿಳೆಯರ ದೃಷ್ಟಿಯಿಂದಲೂ ಇದನ್ನು ನೋಡಬೇಕು. 1975ರಲ್ಲಿ ಆರಂಭವಾದ ಸ್ತ್ರೀ ಮುಕ್ತಿ ಸಂಘಟನಾ ಮುಂಬಯಿಯಲ್ಲಿ ಇವರ ನಡುವೆ ಬಹುಕಾಲದಿಂದ ಕೆಲಸ ಮಾಡುತ್ತಿದೆ. ಇವರ ದುಡಿಮೆಗೆ ದೊರೆಯುವ ಹಣ ತೂಕದ ಲೆಕ್ಕದ್ದು. ಗ್ರಾಂ ಲೆಕ್ಕದಲ್ಲೂ ಹಗುರವಾದ ಸ್ಯಾಶೆಗಳನ್ನು ನೂರಾರು ಬಾರಿ ಬಗ್ಗಿ ಆಯ್ದರೂ ಕೊಳ್ಳುವವರಿಲ್ಲ. ಹಾಗಾಗಿ ಅದು ಬಿದ್ದಲ್ಲೇ ಉಳಿಯುತ್ತದೆ.

ಸರಕಾರವೂ ಸುಮ್ಮನಿಲ್ಲ. ಮಹಾರಾಷ್ಟ್ರದಲ್ಲಿ 2018ರಲ್ಲಿ ಪ್ಲಾಸ್ಟಿಕ್ ನಿಷೇಧ ಬಂದಾಗ ಕೈಚೀಲಗಳು ಸಿಕ್ಕಿಬಿದ್ದವು. ಕಾರ್ಖಾನೆಯಲ್ಲೇ ಹಾಕುವ ಹೊದಿಕೆಗೆ ವಿನಾಯಿತಿ ದೊರೆಯಿತು. ಆ ಹೊದಿಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ವಿವರವಾದ ಮಾರ್ಗಸೂಚಿಯನ್ನು ಕೇಂದ್ರ ಸರಕಾರ 2022ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕಿನ ಪ್ರಮಾಣಕ್ಕೆ ತಕ್ಕಂತೆ ಸಂಗ್ರಹಿಸಿ ಸಂಸ್ಕರಿಸಬೇಕು. ಗಟ್ಟಿ ಬಾಟಲಿಗಳಲ್ಲಿ 2025-26ಕ್ಕೆ ಶೇಕಡಾ 30ರಷ್ಟು, 2028-29ಕ್ಕೆ ಶೇಕಡಾ 60ರಷ್ಟು ಮರುಬಳಕೆಯ ಪ್ಲಾಸ್ಟಿಕ್ ಇರಬೇಕೆಂದು ಅದು ಗುರಿ ನಿಗದಿಪಡಿಸಿತು. ಬಹುಪದರದ ಹೊದಿಕೆಗೆ ಮಾತ್ರ ಈ ಗುರಿ ಶೇಕಡಾ 5 ಮತ್ತು 10. ಯಾವುದು ಕಷ್ಟಸಾಧ್ಯವೆಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ.

ಪರಿಹಾರದ ದಾರಿಗಳೂ ನಮ್ಮ ನಗರದ ಆಸುಪಾಸಿನಲ್ಲೇ ಇವೆ. ಠಾಣೆ ಜಿಲ್ಲೆಯ ವಾಸಿಂದ್‌ನಲ್ಲಿ ಕಾರ್ಖಾನೆಯುಳ್ಳ ಎಸ್ಸೆಲ್ ಪ್ರೊಪ್ಯಾಕ್, 2020ರಿಂದ ಇಪಿಎಲ್ ಎಂಬ ಹೆಸರಿನದು, ಅಲ್ಯೂಮಿನಿಯಮ್ ಬಿಟ್ಟು ಮರುಬಳಕೆಗೆ ಒದಗುವ ಟ್ಯೂಬುಗಳನ್ನು ರೂಪಿಸಿದೆ. ವಿಕ್ರೋಲಿಯ ಗೋದ್ರೆಜ್ ಸಂಸ್ಥೆ 2018ರಲ್ಲಿ ಕೈತೊಳೆಯುವ ದ್ರವಕ್ಕೆ ಬದಲು ಪುಡಿಯನ್ನು ತಂದಿತು. ಮನೆಯಲ್ಲೇ ನೀರು ಬೆರೆಸಿ ಹಳೆಯ ಬಾಟಲಿಗೆ ತುಂಬಿದರಾಯಿತು. ನೀರನ್ನು ಲಾರಿಯಲ್ಲಿ ಹೊತ್ತು ತಿರುಗುವ ವೆಚ್ಚವೂ ಉಳಿಯಿತು. ಆದರೆ ಆ ಪುಡಿಯೂ ಒಂದು ಪುಟ್ಟ ಪೊಟ್ಟಣದಲ್ಲೇ ಬರುತ್ತದೆ ಎಂಬುದನ್ನು ಮರೆಯಬಾರದು.

'ಹಸಿರು' ಎಂಬ ಪದಕ್ಕೂ ಮರುಳಾಗಬೇಕಿಲ್ಲ. ಗಾಜು ಮತ್ತೆ ಮತ್ತೆ ಬಳಸಿದರೆ ಲಾಭ. ಒಮ್ಮೆ ಬಳಸಿ ಎಸೆದರೆ ಅದನ್ನು ಕರಗಿಸುವ, ಸಾಗಿಸುವ ಇಂಧನದ ಹೊರೆಯೇ ಹೆಚ್ಚು. ಜೋಳದಿಂದ ತಯಾರಿಸಿದ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಉಷ್ಣತೆಯ ಗೊಬ್ಬರದ ಘಟಕದಲ್ಲಿ ಕೊಳೆಯುತ್ತದೆಯೇ ಹೊರತು ಬಾಲ್ಕನಿಯ ಹೂಕುಂಡದಲ್ಲಲ್ಲ.

ಹಾಗಾದರೆ ನಾವು ಮಾಡಬಹುದಾದುದೇನು? ಬಡವರ ಸ್ಯಾಶೆಯನ್ನು ಹಳಿಯುವ ಮೊದಲು, ಕೊಳ್ಳುವ ಶಕ್ತಿಯಿರುವ ನಾವು ಅದನ್ನು ಬಿಡೋಣ. ದೊಡ್ಡ ಬಾಟಲಿಯನ್ನೇ ಕೊಂಡು, ಒಂದೇ ಪಂಪನ್ನು ಹಲವು ಬಾರಿ ಬಳಸೋಣ. ದ್ರವಕ್ಕೆ ಬದಲು ಕಾಗದದಲ್ಲಿ ಬರುವ ಸಾಬೂನಿಗೆ ಮರಳೋಣ. ಖಾಲಿ ಬಾಟಲಿಯನ್ನು ತೊಳೆದು, ಒಣಕಸದೊಂದಿಗೇ ಕೊಡೋಣ.

ಇನ್ನೊಂದು ವಿನಂತಿ. ಮಕರ ಸಂಕ್ರಮಣದ ಬಳಿಕ ನಮ್ಮ ಸಂಘಗಳ ಮಹಿಳಾ ವಿಭಾಗಗಳು ಅರಸಿನ ಕುಂಕುಮ ಕಾರ್ಯಕ್ರಮಗಳನ್ನು ಏರ್ಪಡಿಸುತ್ತವೆ. ಅಂದು ಸುಮಂಗಲೆಯರಿಗೆ ಹಂಚುವ ಪ್ಲಾಸ್ಟಿಕ್ ಡಬ್ಬಿಗೆ ಬದಲು ಒಂದು ಪುಟ್ಟ ಮರದ ಕುಂಕುಮ ಭರಣಿಯನ್ನು ಕೊಟ್ಟರೆ ಹೇಗೆ? ನನ್ನ ಅಜ್ಜಿಯ ಭರಣಿ ಈಗ ಮಗಳ ಕನ್ನಡಿಯ ಮುಂದಿದೆ. ಅದನ್ನು ಯಾವ ರದ್ದಿ ಅಂಗಡಿಗೂ ಒಯ್ಯುವ ಪ್ರಸಂಗ ಈವರೆಗೆ ಬಂದಿಲ್ಲ.